ಅಳಿವೆಯ ಐವತ್ತಾರು ಸೆಕೆಂಡು

ಗದಗದವಳಾದ ನನಗೆ ಈಜು ಬಾರದು. ಮಂಡಿಮಟ್ಟ ನೀರಿಗೆ ಇಳಿದರೂ ಪಕ್ಕದವರ ಕೈ ಹಿಡಿದುಕೊಳ್ಳುವವಳು ನಾನು. ಹಾಗಿದ್ದೂ ಆ ಮಳೆಗಾಲ ಹೊಳೆಕೋಡಿಯ ಹದಿನಾಲ್ಕು ನಾಡದೋಣಿಗಳನ್ನು ಕಡಲಿನಿಂದ ಒಳಗೆ ಕರೆಸಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಳೆಯ ಐಸ್ ಪ್ಲಾಂಟಿನ ಮಹಡಿಯಲ್ಲಿ ನನ್ನ ಕಂಟ್ರೋಲ್ ರೂಮು. ಬಾಗಿಲಿಗೆ ‘ಡಾ. ಕಸ್ತೂರಿ ಬೆಟಗೇರಿ, ತರಂಗಸೂಚಿ ಯೋಜನೆ’ ಎಂಬ ಫಲಕ. ಅದನ್ನು ದಿನಕ್ಕೆರಡು ಸಲ ನಾನೇ ಒರೆಸುತ್ತಿದ್ದೆ. ನಾಚಿಕೆಯೇನಿಲ್ಲ, ಅಷ್ಟು ಖುಷಿಯಲ್ಲಿದ್ದೆ.

ಕುಂದಾಪುರದಿಂದ ಉತ್ತರಕ್ಕೆ, ಹೊಳೆಯೊಂದು ಕಡಲು ಸೇರುವಲ್ಲಿ ಹೊಳೆಕೋಡಿ ಇದೆ. ಹೊಳೆಯ ಆ ಬಾಯಿಗೆ ಅಳಿವೆ ಎನ್ನುತ್ತಾರೆ. ಹೊಳೆ ತಂದ ಮರಳು ಅಲ್ಲಿ ನೀರಿನಡಿ ದಿಬ್ಬವಾಗಿ ಕೂತಿರುತ್ತದೆ. ಆಳ ಕಡಲಲ್ಲಿ ಸುಮ್ಮನೆ ಏರಿಳಿಯುತ್ತಾ ಬಂದ ತೆರೆ ಈ ದಿಬ್ಬದ ಮೇಲೆ ಬರುತ್ತಲೇ ಕಾಲು ಎಡವಿದಂತಾಗಿ ಮುಗ್ಗರಿಸಿ ಒಡೆಯುತ್ತದೆ. ಇಡೀ ದಿನ ಕಡಲಲ್ಲಿ ಕ್ಷೇಮವಾಗಿದ್ದ ದೋಣಿ ಮನೆ ಕಣ್ಣಿಗೆ ಬೀಳುವಷ್ಟು ಹತ್ತಿರ ಬಂದು ಮಗುಚುವುದು ಇಲ್ಲೇ.

ತೆರೆಗಳು ಗುಂಪುಗುಂಪಾಗಿ ಬರುತ್ತವೆ. ಐದಾರು ದೊಡ್ಡವು ಬಂದು ಹೋದ ಮೇಲೆ ಸ್ವಲ್ಪ ಹೊತ್ತು ಕಡಲು ಉಸಿರು ಬಿಡುತ್ತದೆ. ದೋಣಿಯವರು ಹೊರಗೆ ನಿಂತು ಆ ಬಿಡುವಿಗಾಗಿ ಕಾಯುತ್ತಾರೆ; ಸಿಕ್ಕಿದ ಕೂಡಲೇ ಎಂಜಿನ್ನನ್ನು ಪೂರ್ತಿ ತಿರುವಿ ಒಳಗೆ ನುಗ್ಗುತ್ತಾರೆ. ಆದರೆ ಆ ಬಿಡುವು ಇಪ್ಪತ್ತು ಸೆಕೆಂಡೋ ಐವತ್ತು ಸೆಕೆಂಡೋ ಎಂಬುದು ದಿಬ್ಬದ ಮಧ್ಯಕ್ಕೆ ಬಂದ ಮೇಲೆಯೇ ಗೊತ್ತಾಗುವುದು. ರೇಡಿಯೊದವರು ಇಡೀ ಕರಾವಳಿಗೆ ಒಂದೇ ಮಾತು ಹೇಳುತ್ತಿದ್ದರು: ಅಲೆಗಳ ಎತ್ತರ ಎರಡೂವರೆಯಿಂದ ಮೂರು ಮೀಟರ್.

“ಯಾವ ತೆರಿ ಎರಡೂವರೆ, ಯಾವ್ದ್ ಮೂರ್ ಅಂದ್ ಹೇಳುದಿಲ್ಲ ಅಲ್ದಾ ಮೇಡಮ್ರೆ,” ಎಂದು ನನ್ನ ಮನೆಯೊಡೆಯ ಶೀನ ಮೊಗವೀರ ಮೊದಲ ದಿನವೇ ನಕ್ಕಿದ್ದ. “ನಮ್ಮನ್ನ ಮಗುಚುದ್ ಒಂದೇ ತೆರಿ.”

ಆ ಒಂದು ತೆರೆ ಯಾವುದು, ಎಷ್ಟು ಗಂಟೆ ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ ದಿಬ್ಬದ ಮೇಲೆ ಬಂದು ಒಡೆಯುತ್ತದೆ ಎಂದು ಮೊದಲೇ ಹೇಳಿಬಿಟ್ಟರೆ? ನನ್ನ ಆರು ವರ್ಷದ ನಿದ್ದೆ ತಿಂದ ಪ್ರಶ್ನೆ ಇದೊಂದೇ.

ಉಪಾಯ ಸರಳ. ಕೂದಲಿನಷ್ಟು ಸಣ್ಣ ಗಾಜಿನ ಎಳೆಯ ಕೇಬಲನ್ನು ಅಳಿವೆಯಿಂದ ಪಶ್ಚಿಮಕ್ಕೆ ಹನ್ನೊಂದು ಕಿಲೋಮೀಟರ್ ಕಡಲ ತಳದಲ್ಲಿ ಹೂತಿದ್ದೆವು. ಆ ಎಳೆಯೊಳಗೆ ಒಂದೇ ಸಮ ಬೆಳಕು ಮಿಡಿಯುತ್ತಿರುತ್ತದೆ. ಮೇಲೊಂದು ತೆರೆ ಹಾದುಹೋದರೆ ಅದರ ಭಾರಕ್ಕೆ ತಳದ ಮರಳು ಕುಗ್ಗುತ್ತದೆ, ಎಳೆ ಒಂದಿಷ್ಟು ನಲುಗುತ್ತದೆ, ಮರಳಿ ಬರುವ ಬೆಳಕಿನಲ್ಲಿ ಅದು ಕಾಣುತ್ತದೆ. ಕಣ್ಣು ಮುಚ್ಚಿ ಮಲಗಿದ್ದರೂ ಕಂಬಳಿಯ ಮೇಲೆ ನಡೆಯುವ ಬೆಕ್ಕು ಈಗ ಕಾಲ ಬಳಿ ಇದೆ, ಈಗ ಹೊಟ್ಟೆಯ ಮೇಲೆ ಬಂತು ಎಂದು ಗೊತ್ತಾಗುವುದಿಲ್ಲವೇ, ಹಾಗೆ. ಒಂದೊಂದು ತೆರೆಯನ್ನೂ ಹೀಗೆ ಹಿಂಬಾಲಿಸಿ ಕಂಪ್ಯೂಟರು ಲೆಕ್ಕ ಹಾಕಿದರೆ, ಅದು ಅಳಿವೆ ಮುಟ್ಟುವ ಹನ್ನೆರಡು ನಿಮಿಷ ಮೊದಲೇ ಅದರ ಜಾತಕ ನಮ್ಮ ಪರದೆಯ ಮೇಲೆ. ಏಪ್ರಿಲ್‌ನಲ್ಲಿ ಮೊದಲ ಸಲ ಲೆಕ್ಕ ಸೆಕೆಂಡಿಗೆ ಸೆಕೆಂಡು ತಾಳೆಯಾದ ದಿನ ನಾನು ಮಹಡಿಯಲ್ಲಿ ಒಬ್ಬಳೇ ಕುಣಿದಿದ್ದೆ.

ತೊಡಕು ಬಂದದ್ದು ಹೇಳುವ ಬಾಯಿಯದು. ನಮ್ಮ ಸಂಸ್ಥೆಯವರು ಧ್ವನಿಮುದ್ರಿಸಿ ಕಳಿಸಿದ್ದು ಹೀಗಿತ್ತು: “ಮಾನ್ಯ ನಾವಿಕರೇ, ತಮ್ಮ ಗಮನಕ್ಕೆ. ಪ್ರಸ್ತುತ ತರಂಗಗಳ ನಡುವಿನ ಶಾಂತ ಅವಧಿಯು ಪ್ರಾರಂಭವಾಗುತ್ತಿದ್ದು…” ಈ ವಾಕ್ಯ ಮುಗಿಯುವಷ್ಟರಲ್ಲಿ ಶಾಂತ ಅವಧಿಯೇ ಮುಗಿದುಹೋಗುತ್ತಿತ್ತು! ದೋಣಿಯವರು ವೈರ್‌ಲೆಸ್ಸಿನಲ್ಲೇ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆಗ ನಾನು ಶೀನಣ್ಣನ ಹೆಂಡತಿ ವನಜಕ್ಕನನ್ನು ಕೈಮುಗಿದು ಕರೆತಂದು ಮೈಕಿನ ಮುಂದೆ ಕೂರಿಸಿದೆ. ಇಪ್ಪತ್ತು ವರ್ಷ ಮೀನು ಮಾರುಕಟ್ಟೆಯಲ್ಲಿ ಕೂಗಿ ಪಳಗಿದ ಗಂಟಲು ಅವಳದು. ಅವಳು ಪರದೆ ನೋಡಿ ಎರಡಕ್ಷರ ಹೇಳುತ್ತಿದ್ದಳು: “ಬಿಡ್!” ದೋಣಿ ನುಗ್ಗುತ್ತಿತ್ತು. ಗಂಡನ ದೋಣಿಯನ್ನು ಕರೆಯುವಾಗ ಮಾತ್ರ ಅವಳ ಮುಖ ಕೆಂಪಾಗುತ್ತಿತ್ತು. ಗಂಡನ ಹೆಸರು ಹಿಡಿಯುವ ರೂಢಿ ಇಲ್ಲದ್ದರಿಂದ ದೋಣಿಯ ಹೆಸರೇ ಆಸರೆ. “ಗಂಗಾಪ್ರಸಾದಾ, ಹೋಯ್, ನಿಮ್ಗೇ ಹೇಳುದ್, ಬಿಡಿ!”

ಲೆಕ್ಕಕ್ಕೆ ಇನ್ನೊಂದು ವಿಷಯ ಬೇಕಿತ್ತು. ಖಾಲಿ ದೋಣಿ ದಿಬ್ಬವನ್ನು ಮೂವತ್ತೆರಡು ಸೆಕೆಂಡಿನಲ್ಲಿ ದಾಟುತ್ತದೆ. ಮೀನು ತುಂಬಿದ ದೋಣಿ ನೀರಿನಲ್ಲಿ ಇಳಿದು ಮಂದವಾಗುತ್ತದೆ, ಹೆಚ್ಚು ಹೊತ್ತು ಬೇಕು. ಆದ್ದರಿಂದ ಒಳಗೆ ಬರುವ ಮುನ್ನ ಪ್ರತಿ ದೋಣಿಯೂ ಹೊರೆ ಎಷ್ಟೆಂದು ತಿಳಿಸಬೇಕೆಂದು ನಿಯಮ ಮಾಡಿದ್ದೆ. ಮೇ ತಿಂಗಳ ಪರೀಕ್ಷೆಯ ಹದಿನೆಂಟು ದಿನವೂ ಎಲ್ಲರದೂ ಒಂದೇ ಉತ್ತರ. “ಖಾಲಿ.” ನಾನು ಶ್ರದ್ಧೆಯಿಂದ ಟೈಪು ಮಾಡಿದೆ. ಎಲ್ಲ ಸರಾಗವಾಗಿ ನಡೆಯಿತು.

ನಾನು ಶೀನಣ್ಣನ ಮನೆಯ ಮುಂದಿನ ಕೋಣೆಯಲ್ಲೇ ಬಾಡಿಗೆಗಿದ್ದೆ. ಮಧ್ಯಾಹ್ನ ಅವರ ಜತೆಯೇ ಊಟ. ಅವರಿಗೆ ಮೀನು, ನನಗೆ ಗಂಜಿ, ಮಾವಿನಮಿಡಿ. ಒಂದು ದಿನ ಮರುಕ ತಡೆಯದೆ ಕೇಳಿಯೇಬಿಟ್ಟೆ. “ಅಣ್ಣಾರ, ಇವತ್ತೂ ಖಾಲಿ ಏನ್ರಿ? ಈ ತಿಂಗಳು ಒಂದು ದಿನಾನೂ ಮೀನು ಸಿಗಲಿಲ್ಲಲ್ರಿ. ಹಿಂಗಾದ್ರ ಹೆಂಗ್ರಿ?”

“ಎಂತ ಮಾಡುದ್ ಮೇಡಮ್ರೆ. ಕಡಲ್ ಕೊಟ್ರೆ ಉಂಟ್, ಇಲ್ದಿದ್ರೆ ಇಲ್ಲ,” ಎಂದು ಅವನು ತಟ್ಟೆಗೆ ಮುಖ ಬಗ್ಗಿಸಿದ. ತಟ್ಟೆಯಲ್ಲಿ ಹುರಿದ ಅಂಗೈಯುದ್ದದ ಐದು ಬಂಗುಡೆ ಮೀನು ಕೂತಿದ್ದವು. ವನಜಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಪಾಪ, ದುಃಖಕ್ಕೆ ಹೋದಳು ಎಂದುಕೊಂಡೆ. ಸಂಸ್ಥೆಗೆ ಬರೆದ ವರದಿಯಲ್ಲಿ ‘ಈ ಭಾಗದಲ್ಲಿ ತೀವ್ರ ಮತ್ಸ್ಯಕ್ಷಾಮ’ ಎಂದೂ ಸೇರಿಸಿದೆ. ಡಾಕ್ಟರೇಟು ಪಡೆದವರ ದಡ್ಡತನಕ್ಕೂ ಒಂದು ಗತ್ತು ಇರುತ್ತದೆ ನೋಡಿ.

ಜೂನ್ ಎರಡನೇ ವಾರ ಮೊದಲ ತೂಫಾನು ಹೊಡೆಯಿತು. ಮೂರು ದಿನ ದೋಣಿಗಳೆಲ್ಲ ದಡದ ಮೇಲೆ. ನಾಲ್ಕನೆಯ ದಿನ ಕಡಲು ತುಸು ಇಳಿದಾಗ ಹದಿನಾಲ್ಕೂ ದೋಣಿಗಳು ಬೆಳಗಾಗುತ್ತಲೇ ಹೊರಟವು. ತೂಫಾನಿನ ಬೆನ್ನಿಗೆ ಮೀನಿನ ಹಿಂಡು ದಡದ ಸಮೀಪ ಬರುತ್ತದೆಂದು ಅವರಿಗೆ ಗೊತ್ತು. ಮಳೆಗಾಲದಲ್ಲಿ ದೊಡ್ಡ ಬೋಟುಗಳಿಗೆ ನಿಷೇಧವಿರುವುದರಿಂದ ಈ ಎರಡು ತಿಂಗಳು ಕಡಲು ನಾಡದೋಣಿಯವರದೇ.

ಮಧ್ಯಾಹ್ನ ಎರಡರ ಹೊತ್ತಿಗೆ ರಾಡಾರಿನ ಚಿತ್ರದಲ್ಲಿ ಪಶ್ಚಿಮದಿಂದ ಗಾಳಿಮಳೆಯ ಗೋಡೆಯೊಂದು ಎದ್ದು ಬರುತ್ತಿರುವುದು ಕಂಡಿತು. ಮೂರೂವರೆಯೊಳಗೆ ಅದು ಅಳಿವೆಗೆ ಬಡಿಯುತ್ತದೆ. ಬಡಿದ ಮೇಲೆ ತೆರೆಗಳ ನಡುವೆ ಬಿಡುವೆಂಬುದೇ ಇರುವುದಿಲ್ಲ, ಬೆಳಗಿನತನಕ ಯಾರೂ ಒಳಗೆ ಬರುವ ಹಾಗಿಲ್ಲ. ಹೊರಗೆ ನಿಂತ ದೋಣಿಗಳ ಗತಿ ಹೇಳಬೇಕಾಗಿಲ್ಲ. ವನಜಕ್ಕ ಕೂಡಲೇ ಮೈಕು ಹಿಡಿದಳು.

“ಎಲ್ಲ ದೋಣಿಯವ್ರೂ ಕೇಣಿ. ಬಲಿ ಎಳ್ಕಂಡ್ ಬನ್ನಿ. ಮೂರೂವರೆಗೆ ಗಾಳಿ ಇತ್ತ್. ಬೇಗ ಬನ್ನಿ!”

ಎರಡೂ ಮುಕ್ಕಾಲಿಗೆ ಹದಿನಾಲ್ಕು ದೋಣಿಗಳೂ ಅಳಿವೆಯ ಹೊರಗೆ ಸಾಲುಗಟ್ಟಿದವು. ಐಸ್ ಪ್ಲಾಂಟಿನ ಮೇಲಿನ ಕ್ಯಾಮೆರಾದಲ್ಲಿ ಅವು ತೆರೆಯೆದ್ದಾಗ ಕಾಣಿಸಿ, ಇಳಿದಾಗ ಮಾಯವಾಗುತ್ತಿದ್ದವು. ನನಗೆ ಹೆದರಿಕೆಯಲ್ಲ, ಉತ್ಸಾಹ. ನನ್ನ ತರಂಗಸೂಚಿಗೆ ಇದೇ ಮೊದಲ ನಿಜವಾದ ದಿನ. ಹೊರೆ ಕೇಳಿದೆವು. ಖಾಲಿ, ಖಾಲಿ, ಖಾಲಿ, ಹದಿನಾಲ್ಕು ಸಲ. ಟೈಪು ಮಾಡಿದೆ.

ಮೊದಲು ಅಣ್ಣಪ್ಪನ ಜಯದುರ್ಗ. ನಲವತ್ತೊಂದು ಸೆಕೆಂಡಿನ ಬಿಡುವು ಬರುತ್ತಿತ್ತು. ಖಾಲಿ ದೋಣಿಗೆ ಧಾರಾಳ ಸಾಕು. ವನಜಕ್ಕ ಪರದೆಯ ಅಂಕಿಯನ್ನೇ ನೋಡುತ್ತಾ ಇದ್ದು ಕೂಗಿದಳು. “ಜಯದುರ್ಗಾ, ಬಿಡ್!”

ದೋಣಿ ನುಗ್ಗಿತು. ಹತ್ತು, ಇಪ್ಪತ್ತು, ಮೂವತ್ತು. ಮೂವತ್ತೆರಡಕ್ಕೆ ಅದು ದಿಬ್ಬ ಮುಗಿದ ಗುರುತಿಗೆ ಒಳಗೆ ಬಿಟ್ಟಿದ್ದ ಹಳದಿ ತೇಲುಗುಂಡಿನ ಬಳಿ ಇರಬೇಕಿತ್ತು. ನೋಡಿದರೆ ದಿಬ್ಬದ ನಟ್ಟನಡುವೆ ಎಮ್ಮೆಯ ಹಾಗೆ ತೆವಳುತ್ತಿದೆ! ನಲವತ್ತೊಂದನೆಯ ಸೆಕೆಂಡಿಗೆ, ನಾನು ಹೇಳಿದ ಸರಿಯಾದ ಸೆಕೆಂಡಿಗೇ, ತೆರೆ ಬಂತು. ದೋಣಿಯ ಹಿಂಭಾಗವನ್ನು ಎತ್ತಿ ಒಗೆಯಿತು. ಇಬ್ಬರು ನೀರಿಗೆ ಬಿದ್ದರು. ಎರಡನೆಯ ತೆರೆ ಇಡೀ ದೋಣಿಯನ್ನು ಅಡ್ಡಡ್ಡಲಾಗಿ ಹೊಳೆಯೊಳಗೆ ತಳ್ಳಿತು. ಬಿದ್ದವರು ಬಲೆಯ ಹಗ್ಗ ಹಿಡಿದು ನೇತಾಡುತ್ತಾ ಅದರ ಹಿಂದೆಯೇ ಬಂದರು. ಏಳೂ ಜನ ಬದುಕಿದ್ದು ಅವರ ಅದೃಷ್ಟ, ನನ್ನ ಲೆಕ್ಕದಿಂದಲ್ಲ.

ವೈರ್‌ಲೆಸ್ಸಿನಲ್ಲಿ ಅಣ್ಣಪ್ಪನ ದನಿ ಸಿಡಿಯಿತು. “ನಿಮ್ ಮಿಶಿನ್ ತಕಂಡ್ ಕಡಲಿಗ್ ಹಾಕಿ! ಸಾಯ್ತಿದ್ದೊ ನಾವ್!”

ಆಮೇಲೆ ಶೀನಣ್ಣ, ಮೆಲ್ಲಗೆ: “ವನಜಾ, ಇನ್ನ್ ನೀನ್ ಹೇಳುದ್ ಬ್ಯಾಡ. ನಾವ್ ಕಣ್ಣಲ್ಲೇ ಕಂಡ್ ಬತ್ತೊ.”

ಮತ್ತೆ ಮತ್ತೆ ನೋಡಿದೆ. ಕೇಬಲ್ ಸರಿ ಇದೆ, ತೆರೆಯ ಲೆಕ್ಕ ಸರಿ ಇದೆ, ಹೊಳೆಯ ಸೆಳೆತ ಸರಿ ಇದೆ. ಅಳುವ ದನಿಯಲ್ಲಿ ಕೂಗಿದೆ. “ತೆರಿ ಹೇಳಿದ ಟೈಮಿಗೇ ಬಂತಲ್ರಿ ಅಕ್ಕಾರ! ದೋಣಿ ಯಾಕ ತಡಾ ಆತು? ಖಾಲಿ ದೋಣಿಗೆ ಮೂವತ್ತೆರಡು ಸೆಕೆಂಡು ಬಾಳ ಆತು!”

ವನಜಕ್ಕ ಮೈಕು ಬಿಟ್ಟು ನನ್ನ ಕಡೆ ತಿರುಗಿದಳು. “ಖಾಲಿ?”

“ಖಾಲಿ ಅಂತ ಅವರೇ ಹೇಳಿದ್ರಲ್ರಿ. ಹದಿನಾಲ್ಕೂ ಮಂದಿ.”

“ಅವ್ರ್ ಖಾಲಿ ಅಂದ್ರೆ ನೀನ್ ಖಾಲಿ ಅಂದೇ ಬರ್ಕಂಡ್ಯಾ?”

“ಮತ್ತೇನು ಬರಕೋಬೇಕಿತ್ರಿ?”

“ಅಯ್ಯೋ ಹೆಣ್ಣೇ!” ವನಜಕ್ಕ ಹಣೆ ಹಣೆ ಬಡಿದುಕೊಂಡಳು. “ಕಡಲ್ ಮೇಲೆ ಇಪ್ಪು ಹೊತ್ತಿಗೆ ಮೀನ್ ಇಷ್ಟ್ ಸಿಕ್ತ್ ಅಂದ್ ಯಾರಾರೂ ಹೇಳ್ತ್ರಾ? ದೋಣಿ ಮುಳುಗುವಷ್ಟ್ ಇದ್ರೂ ಖಾಲಿ ಅಂಬುದೇ. ಹೇಳಿರೆ ನಾಳೆ ಬಲಿಗೆ ಎಂತದೂ ಬೀಳುದಿಲ್ಲ. ಅದ್ ಎಲ್ರಿಗೂ ಗೊತ್ತಿಪ್ಪ ವಿಷ್ಯ ಅಲ್ದಾ ಮಾರಾಯ್ತಿ!”

ಎಲ್ಲರಿಗೂ ಗೊತ್ತಿದ್ದ ವಿಷಯ ಇಡೀ ಊರಿನಲ್ಲಿ ನನಗೂ ನನ್ನ ಕಂಪ್ಯೂಟರಿಗೂ ಮಾತ್ರ ಗೊತ್ತಿರಲಿಲ್ಲ. ಅಜ್ಜಂದಿರ ಕಾಲದಿಂದ ಆ ನೀರಿನ ಮೇಲೆ ಒಬ್ಬರೂ ಹಿಡಿದ ಮೀನಿನ ಮಾತಾಡಿಲ್ಲ. ವನಜಕ್ಕನಿಗೆ ಅದು ಎಷ್ಟು ರೂಢಿಯೆಂದರೆ, ಕಂಪ್ಯೂಟರು ಆ ಮಾತನ್ನು ನಂಬಿಬಿಡುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಮೇ ತಿಂಗಳಲ್ಲಿ ಕಡಲು ಶಾಂತ, ಬಿಡುವು ಉದ್ದ, ಮೀನೂ ಸಾಧಾರಣ. ಎಲ್ಲ ಹೇಗೋ ನಡೆದುಹೋಗಿತ್ತು. ಈ ದಿನ ಮಾತ್ರ ಹದಿನಾಲ್ಕೂ ದೋಣಿ ಬೂತಾಯಿ ಮೀನಿನಿಂದ ತುಂಬಿ ತುಳುಕುತ್ತಿದ್ದವು.

ಗಂಟೆ ಮೂರು. ಪಶ್ಚಿಮದ ಆಕಾಶ ಮಸಿ ಬಳಿದ ಹಾಗೆ ಕಪ್ಪಾಗಿತ್ತು.

“ಹಂಗಾರ ಈಗ ಖರೇ ಎಷ್ಟೈತಿ ಅಂತ ಕೇಳ್ರಿ!”

“ಕೇಳಿರೆ ಹೇಳುದಿಲ್ಲ. ಜೀವ ಹೋದ್ರೂ ಹೇಳುದಿಲ್ಲ. ನಮ್ಮನಿಯವ್ರಂತೂ ಹೇಳುದೇ ಇಲ್ಲ.”

“ಮತ್ತ ದಕ್ಕಿಗೆ ಬುಟ್ಟಿ ಎಷ್ಟು ಒಯ್ಯಬೇಕಂತ ನಿಮಗ ಹೆಂಗ ಗೊತ್ತಾಗ್ತದ? ಅವರಂತೂ ಖಾಲಿ ಅಂತಾರ!”

“ಅವ್ರ ಮಾತ್ ಯಾರ್ ಕೇಂತ್ರ್? ನಾವ್ ಹೆಂಗಸ್ರ್ ಕಾಂಬುದ್ ಪಟ್ಟಿ…”

ಅವಳ ಮಾತು ಅರ್ಧಕ್ಕೇ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹೊಳೆಕೋಡಿಯ ಪ್ರತಿ ದೋಣಿಯ ಹೊರಮೈಯಲ್ಲಿ, ಅಂಚಿನಿಂದ ಒಂದು ಗೇಣು ಕೆಳಗೆ, ಎಂಟು ಬೆರಳು ಅಗಲದ ಕೆಂಪು ಪಟ್ಟಿ ಬಳಿದಿರುತ್ತಾರೆ. ದೋಣಿ ಖಾಲಿ ಇದ್ದರೆ ಪಟ್ಟಿ ಪೂರ್ತಿ ನೀರಿನ ಮೇಲೆ. ಹೊರೆ ಏರಿದಂತೆ ಪಟ್ಟಿ ಮುಳುಗುತ್ತದೆ. ದೋಣಿ ಹೊಳೆಯೊಳಗೆ ದಕ್ಕೆಯ ಕಡೆಗೆ, ಅಂದರೆ ದೋಣಿ ಕಟ್ಟುವ ಕಟ್ಟೆಯ ಕಡೆಗೆ, ಬರುವಾಗ ಹೆಂಗಸರು ಪಟ್ಟಿ ಎಷ್ಟು ಬೆರಳು ಉಳಿದಿದೆ ಎಂದು ದೂರದಿಂದಲೇ ನೋಡಿ ಬುಟ್ಟಿ ಎತ್ತಿಕೊಳ್ಳುತ್ತಾರೆ. ಆದರೆ ಈಗ ಒಡೆಯುವ ತೆರೆಗಳ ಹನಿಯೇ ಹನಿ, ಕ್ಯಾಮೆರಾದಲ್ಲಿ ಪಟ್ಟಿ ಎಲ್ಲಿ ಕಾಣಬೇಕು? ಕೇಳಲೇಬೇಕು. ಪಟ್ಟಿಯ ಸುದ್ದಿ ಮೀನಿನ ಸುದ್ದಿಯಲ್ಲವಲ್ಲ!

ವನಜಕ್ಕ ಮೈಕನ್ನು ಬಾಯಿಗೆ ತಾಗಿಸಿಯೇ ಹಿಡಿದಳು. “ಎಲ್ಲ ದೋಣಿಯವ್ರೂ ಕೇಣಿ. ತಪ್ಪ್ ತೆರಿದಲ್ಲ, ಮಿಶಿನಿದ್ದೂ ಅಲ್ಲ. ನಮ್ದ್. ಮೀನಿನ ಸುದ್ದಿ ನಂಗ್ ಬ್ಯಾಡ. ಕೈ ಹೊರಗ್ ಹಾಕಿ, ಕೆಂಪ್ ಪಟ್ಟಿ ಎಷ್ಟ್ ಬೆರಳ್ ಕಾಂತ್ ಅಂದ್ ಹೇಳಿ. ಅಷ್ಟ್ ಸಾಕ್.”

ವೈರ್‌ಲೆಸ್ಸಿನಲ್ಲಿ ಬರೀ ಗೊರಗೊರ. ನಾನು ಎಣಿಸಿದೆ, ಒಂಬತ್ತು ಸೆಕೆಂಡು.

“ನಾಲ್ಕ್,” ಎಂದಿತು ಯಾವುದೋ ದನಿ.

“ನಮ್ದ್ ಐದ್.”

“ಮೂರ್ ಮುಕ್ಕಾಲ್ ಅಕ್ಕ.”

ಬಂತು, ಒಂದರ ಹಿಂದೊಂದು ಬಂತು! ಮಾರ್ಚ್‌ನಲ್ಲಿ ಹದಿನಾಲ್ಕೂ ದೋಣಿಗಳ ಉದ್ದಗಲ ನಾನೇ ಟೇಪು ಹಿಡಿದು ಅಳೆದಿದ್ದೆ. ಪಟ್ಟಿ ಒಂದು ಬೆರಳು ಮುಳುಗಿದರೆ ದೋಣಿಯಲ್ಲಿ ಸುಮಾರು ಮುನ್ನೂರು ಕಿಲೋ ಹೊರೆ ಏರಿದೆ ಎಂದರ್ಥ. ಅಷ್ಟು ಹೊರೆಗೆ ದಾಟಲು ಐದು ಸೆಕೆಂಡು ಹೆಚ್ಚು ಬೇಕು. ಜಯದುರ್ಗದ ಕಥೆಯನ್ನು ಹಾಕಿ ನೋಡಿದೆ. ಅಣ್ಣಪ್ಪ ದಕ್ಕೆಯಿಂದ ಬೈಯುತ್ತಲೇ “ಎರಡ್ ಬೆರಳ್ ಇತ್ತ್” ಎಂದ. ಅರವತ್ತೆರಡು ಸೆಕೆಂಡು ಬೇಕಿದ್ದ ದೋಣಿಯನ್ನು ನಾನು ನಲವತ್ತೊಂದಕ್ಕೆ ಕಳಿಸಿದ್ದೆ. ಮಗುಚದಿದ್ದದ್ದೇ ಹೆಚ್ಚು.

ಬೆರಳುಗಳನ್ನೇ ಟೈಪು ಮಾಡಿದೆ. ಪರದೆಯಲ್ಲಿ ಬಿಡುವುಗಳೆಲ್ಲ ಮರುಹಂಚಿಕೆಯಾದವು. ಗಿಡ್ಡ ಬಿಡುವು ಹಗುರ ದೋಣಿಗೆ, ಉದ್ದ ಬಿಡುವು ಭಾರದ ದೋಣಿಗೆ. ಆದರೆ ಅವರು ನಂಬಬೇಕಲ್ಲ. ಮತ್ತೆ ಶೀನಣ್ಣನ ದನಿ: “ಐದ್ ಬೆರಳಿನವ್ರ್ ಮುಂದ್ ಹೋಯ್ನಿ. ವನಜ ಹೇಳ್ದಾಂಗ್ ಕೇಣಿ.”

ಆಮೇಲಿನ ಹದಿನಾಲ್ಕು ನಿಮಿಷ! ಬರೆಯುವಾಗಲೂ ನನ್ನ ಮೈ ಝುಂ ಎನ್ನುತ್ತದೆ. “ಬಿಡ್!” ದೋಣಿ ನುಗ್ಗುತ್ತದೆ. ನಲವತ್ತೇಳನೆಯ ಸೆಕೆಂಡಿಗೆ ತೇಲುಗುಂಡು ದಾಟುತ್ತದೆ, ಐವತ್ತೆರಡಕ್ಕೆ ಹಿಂದೆ ತೆರೆ ಒಡೆಯುತ್ತದೆ. “ಬಿಡ್!” ಇನ್ನೊಂದು. ಕೆಲವು ಬಿಡುವಿನಲ್ಲಿ ಎರಡೆರಡು ದೋಣಿ ಜೋಡಿಯಾಗಿ. ಕೆಳಗೆ ದಕ್ಕೆಯಲ್ಲಿ ಜನ ಒಂದೊಂದು ದೋಣಿ ದಾಟಿದಾಗಲೂ ಕೇಕೆ ಹಾಕುತ್ತಿದ್ದರು. ನಾನು ಕುರ್ಚಿ ಬಿಟ್ಟು ಎದ್ದು ಮೇಜು ಗುದ್ದುತ್ತಿದ್ದೆ. ವನಜಕ್ಕನ ದನಿ ಒಡೆದು ಗೊಗ್ಗರಾದರೂ ಒಂದು ಸೆಕೆಂಡೂ ಆಚೀಚೆ ಆಗಲಿಲ್ಲ. ಹನ್ನೆರಡು ದೋಣಿ, ಎಂಬತ್ತಮೂರು ಜನ, ಒಳಗೆ!

ಉಳಿದದ್ದು ಗಂಗಾಪ್ರಸಾದ. ದೋಣಿಗಳ ಹಿರಿಯನಾದ ತಾಂಡೇಲ ಎಲ್ಲರನ್ನೂ ಒಳಗೆ ಕಳಿಸಿ ಕೊನೆಗೆ ಬರುವುದು ಅಲ್ಲಿಯ ಪದ್ಧತಿ. ಶೀನಣ್ಣ ತನ್ನ ಬೆರಳಿನ ಲೆಕ್ಕವನ್ನು ಅಲ್ಲಿಯವರೆಗೆ ಹೇಳಿರಲೇ ಇಲ್ಲ.

“ಗಂಗಾಪ್ರಸಾದಾ, ನಿಮ್ದ್ ಎಷ್ಟ್?”

“ಒಂದ್,” ಎಂದ ಶೀನಣ್ಣ.

ಒಂದು ಬೆರಳು. ಅರವತ್ತೇಳು ಸೆಕೆಂಡು. ಪರದೆಯಲ್ಲಿ ಮುಂದಿನ ಹನ್ನೆರಡು ನಿಮಿಷದ ತೆರೆಗಳೆಲ್ಲ ಇದ್ದವು. ಬಿಡುವುಗಳು ಮೂರೇ: ನಲವತ್ಮೂರು, ಮೂವತ್ತೆಂಟು, ಕೊನೆಗೆ ಮೂರು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಐವತ್ತಾರು ಸೆಕೆಂಡಿನದು. ಅದರಾಚೆ ಬರೀ ತೆರೆಗಳ ಗೋಡೆ. ಗಾಳಿ ಆಗಲೇ ಕೇಬಲಿನ ಆ ತುದಿಗೆ ಬಂದಾಗಿತ್ತು. ನಾನು ವನಜಕ್ಕನಿಗೆ ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅವಳಿಗೆ ವಿವರಿಸಬೇಕಾಗಿರಲಿಲ್ಲ.

“ಹೋಯ್, ಕೇಂತಾ? ನಾಲ್ಕ್ ಬೆರಳ್ ಕಾಂಬಷ್ಟ್ ಮೀನ್ ನೀರಿಗ್ ಹಾಕಿ. ಒಂಬತ್ ನಿಮಿಷ ಇತ್ತ್.”

ಮತ್ತೊಂದು ತೆರೆ ದೋಣಿಯನ್ನು ಎತ್ತಿ ಇಳಿಸಿತು.

“ಹೋಯ್!”

“ಮೂರ್ ದಿನ ಕೂತ್ ಉಂಡ್ ಇವತ್ ಸಿಕ್ಕದ್, ವನಜಾ. ಏಳ್ ಮನಿ ಮೀನ್ ಇದ್.”

“ಮೀನ್ ಪುನಃ ಬತ್ತ್. ನೀವ್ ಬತ್ರ್ಯಾ?” ಎಂದಳು ವನಜಕ್ಕ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ದನಿಯಲ್ಲಿ ಮಾತ್ರ ಹನಿ ಅಳುಕಿಲ್ಲ.

ಕ್ಯಾಮೆರಾದಲ್ಲಿ ದೋಣಿಯ ಪಕ್ಕ ಬೆಳ್ಳಗೆ ಏನೋ ಹೊಳೆಯಿತು. ಮತ್ತೊಮ್ಮೆ. ಬುಟ್ಟಿ ಬುಟ್ಟಿ ಮೀನು ನೀರಿಗೆ ಬೀಳುತ್ತಿತ್ತು. ಎಲ್ಲಿದ್ದವೋ ಗಿಡುಗಗಳು, ಆ ಗಾಳಿಯಲ್ಲೂ ಸುತ್ತ ಸೇರಿಬಿಟ್ಟವು.

“ಎಷ್ಟ್?”

“ಒಂದೂವರೆ.”

ನಲವತ್ಮೂರರ ಬಿಡುವು ಬಂದು ಹೋಯಿತು. ಕಿಟಕಿಯ ಗಾಜು ನಡುಗತೊಡಗಿತು.

“ಎಷ್ಟ್?”

“ಎರಡ್. ಕೈ ಸೋಲ್ತಾ ಇತ್ತ್.”

ಮೂವತ್ತೆಂಟರದೂ ಹೋಯಿತು. ಏಳು ಜನರು ಮೀನಿನ ರಾಶಿಯೊಳಗೆ ತೊಡೆಮಟ್ಟ ನಿಂತು ಎತ್ತಿ ಎಸೆಯುತ್ತಿರುವುದನ್ನು ನೆನೆದು ನನ್ನ ತೋಳು ನೋಯತೊಡಗಿತು. ಎರಡೂವರೆ, ಎಂದ. ಪರದೆಯಲ್ಲಿ ಐವತ್ತಾರರ ಬಿಡುವು ಹತ್ತಿರ ಹತ್ತಿರ ಬಂತು. ಎರಡು ನಿಮಿಷ. ಒಂದು. ಮೂವತ್ತು ಸೆಕೆಂಡು.

“ಎಷ್ಟ್? ಈಗ ಎಷ್ಟ್?”

ಶೀನಣ್ಣ ತುಸು ತಡೆದು ಹೇಳಿದ. “ಮೂರೂವರೆ.”

ಮೂರೂವರೆ ಬೆರಳಿಗೆ ಐವತ್ತನಾಲ್ಕೂವರೆ ಸೆಕೆಂಡು. ಉಳಿಯುವುದು ಒಂದೂವರೆ. ನಾಲ್ಕು ಸೆಕೆಂಡಿಗಿಂತ ಕಡಿಮೆ ಉಳಿದರೆ ಕಂಪ್ಯೂಟರು ಕೆಂಪು ಅಕ್ಷರದಲ್ಲಿ ‘ಬೇಡ’ ಎನ್ನುವಂತೆ ನಾನೇ ಮಾಡಿದ್ದೆ. ಈಗ ಅದು ಪರದೆ ತುಂಬ ‘ಬೇಡ’ ಎಂದು ಮಿಣುಕುತ್ತಿತ್ತು. ವನಜಕ್ಕ ನನ್ನನ್ನು ನೋಡಿದಳು.

“ಕಸ್ತೂರಿ, ನಿನ್ ಲೆಕ್ಕ ಸರಿ ಇತ್ತಾ?”

ಆರು ವರ್ಷ ಈ ಪ್ರಶ್ನೆಯನ್ನು ಎಷ್ಟೋ ದೊಡ್ಡ ದೊಡ್ಡವರು ಕೇಳಿದ್ದರು. ನಕ್ಷೆ, ಸಮೀಕರಣ ತೋರಿಸಿ ಉತ್ತರಿಸಿದ್ದೆ. ಇವಳಿಗೆ ಏನು ತೋರಿಸಲಿ?

“ಸರಿ ಐತ್ರಿ ಅಕ್ಕಾರ,” ಎಂದೆ.

ಅವಳು ಮೈಕು ಎತ್ತಿದಳು. ದೊಡ್ಡ ತೆರೆಗಳ ಕೊನೆಯದು ದಿಬ್ಬದ ಮೇಲೆ ಒಡೆದು ನೊರೆಯಾಯಿತು. “ಬಿಡಿ!”

ಗಂಗಾಪ್ರಸಾದ ನುಗ್ಗಿತು. ಹತ್ತು. ಗಾಳಿ ಬೀಸಿ ಮಳೆಯ ಪರದೆ ಅದರ ಬೆನ್ನ ಹಿಂದೆಯೇ ಓಡಿ ಬರುತ್ತಿತ್ತು. ಇಪ್ಪತ್ತು. ಮೂವತ್ತು. ಎಂಜಿನ್ನಿನ ಸದ್ದು ಇಲ್ಲಿಗೂ ಕೇಳುತ್ತಿತ್ತು, ಇಲ್ಲವೆ ಅದು ನನ್ನದೇ ಎದೆಯ ಸದ್ದು. ನಲವತ್ತು. ಮಧ್ಯ ದಾಟಿತು. ಐವತ್ತು. ತೇಲುಗುಂಡು ಇನ್ನೂ ಮುಂದಿತ್ತು. ಐವತ್ತನಾಲ್ಕು, ಐವತ್ತೈದು. ದಾಟಬೇಕಿತ್ತು! ಯಾಕೆ ದಾಟಲಿಲ್ಲ?

ಐವತ್ತಾರಕ್ಕೆ ತೆರೆ ಎದ್ದಿತು. ದೋಣಿಯ ಹಿಂಭಾಗವನ್ನು ಹಿಡಿದೆತ್ತಿತು. ದೋಣಿ ಎಡಕ್ಕೆ ವಾಲಿತು, ವಾಲಿತು. ಹಿಂದೆ ನಿಂತಿದ್ದ ಒಂದು ಆಕೃತಿ ಚುಕ್ಕಾಣಿಯ ಹುಟ್ಟಿನ ಮೇಲೆ ಇಡೀ ಮೈ ಹಾಕಿ ಮಲಗಿತು. ಮೂತಿ ನೇರವಾಯಿತು. ತೆರೆ ದೋಣಿಯನ್ನು ಹೊತ್ತುಕೊಂಡೇ ತೇಲುಗುಂಡು ದಾಟಿಸಿ ಹೊಳೆಯೊಳಗೆ ಬಿಸಾಡಿತು. ಆಮೇಲೆ ಮಳೆ ಬಿತ್ತು, ಏನೂ ಕಾಣಿಸಲಿಲ್ಲ. ಕೇಳಿದ್ದು ಮಾತ್ರ, ದಕ್ಕೆಯಿಂದೆದ್ದ ಊರಿಗೆ ಊರಿನ ಕೂಗು.

ನಾನು ಮೈಕನ್ನು ತಬ್ಬಿಕೊಂಡು ಅತ್ತುಬಿಟ್ಟೆ. ವನಜಕ್ಕ ಆಗಲೇ ಮೆಟ್ಟಿಲಿಳಿದು ಓಡುತ್ತಿದ್ದಳು. ನಾನೂ ಹಿಂದೆ ಓಡಿದೆ. ಮಳೆಯಲ್ಲಿ ನೆನೆಯುತ್ತಾ ಓಡುವಾಗಲೂ ತಲೆಯಲ್ಲಿ ಒಂದೇ ಹುಳ: ಉಳಿಯಬೇಕಿದ್ದ ಆ ಒಂದೂವರೆ ಸೆಕೆಂಡು ಎಲ್ಲಿ ಹೋಯಿತು? ಸರಿ ಐತಿ ಅಂದಿದ್ದೆನಲ್ಲ!

ಗಂಗಾಪ್ರಸಾದವನ್ನು ದಕ್ಕೆಯ ಮೆಟ್ಟಿಲಿಗೆ ಕಟ್ಟಿದ್ದರು. ಆರು ಜನರನ್ನು ಅವರವರ ಮನೆಯವರು ಸುತ್ತುವರಿದಿದ್ದರು. ಶೀನಣ್ಣ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಮೈಯೆಲ್ಲ ಮೀನಿನ ಹುರುಪೆ ಅಂಟಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಹೆಂಡತಿ ಬಂದದ್ದು ನೋಡಿ ನಕ್ಕ. ವನಜಕ್ಕ ಅವನ ಹತ್ತಿರ ಹೋಗಲಿಲ್ಲ. ನೇರ ಕೊನೆಯ ಮೆಟ್ಟಿಲಿಗೆ ಇಳಿದು, ಮಂಡಿಯೂರಿ ಕೂತು, ದೋಣಿಯ ಕೆಂಪು ಪಟ್ಟಿಯ ಮೇಲೆ ಅಡ್ಡಲಾಗಿ ಬೆರಳಿಟ್ಟಳು. ಒಂದು, ಎರಡು, ಮೂರು. ನಾಲ್ಕನೆಯ ಬೆರಳು ಪೂರ್ತಿ ನೀರಿನಲ್ಲಿತ್ತು.

“ಮೂರ್,” ಎಂದಳು. “ಮೂರೂವರೆ ಅಂದ್ರಿ ಅಲ್ದಾ?”

ಶೀನಣ್ಣ ಮುಖದ ನೀರು ಒರೆಸಿಕೊಂಡ. “ಮೂರ್ ಅಂದಿದ್ರೆ ನೀನ್ ಬಿಡ್ ಅಂತಿದ್ಯಾ?”

ಮೂರು ಬೆರಳಿಗೆ ಐವತ್ತೇಳು ಸೆಕೆಂಡು. ಬಿಡುವಿಗಿಂತ ಒಂದು ಸೆಕೆಂಡು ಹೆಚ್ಚು. ಅವಳು ಹೇಳುತ್ತಿರಲಿಲ್ಲ, ನಾನೂ ಹೇಳಲು ಬಿಡುತ್ತಿರಲಿಲ್ಲ.

“ಅಂತಿರ್ಲಿಲ್ಲ,” ಎಂದ ಅವನೇ. “ಗಾಳಿ ಬೆನ್ನಿಗ್ ಬಂದಿತ್. ಹೊರಗ್ ಉಳ್ದಿದ್ರೆ ಏಳ್ ಜನನೂ ಹೋತಿದ್ದೊ. ನೀನ್ ಬ್ಯಾಡ ಅಂದ ಮೇಲೆ ನಾನ್ ನುಗ್ಗಿ ಹೆಚ್ಚುಕಮ್ಮಿ ಆದ್ರೆ, ಬ್ಯಾಡ ಅಂದದ್ದೇ ತಪ್ಪಾಯ್ತ್ ಅಂದ್ ನೀನ್ ಜೀವಮಾನ ಕೊರಗುವವ್ಳ್. ಸುಳ್ಳ್ ನಂದಾಯ್ಲಿ ಅಂದ್ ಹೇಳ್ದೆ.”

ಮಳೆ ಜೋರಾಯಿತು. ಜನ ಬುಟ್ಟಿಗಳನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಮನೆಯ ಕಡೆ ಸಾಗತೊಡಗಿದರು. ವನಜಕ್ಕ ಕಣ್ಣು ಮೇಲೆತ್ತದೆ ನನ್ನನ್ನು ಕರೆದಳು.

“ಕಸ್ತೂರಿ, ನಿನ್ ಕಂಪ್ಯೂಟರಲ್ಲಿ ಈ ದೋಣಿಗೆ ಬೇರೆ ಲೆಕ್ಕ ಬರಿ. ಇವ್ರ್ ಎಷ್ಟ್ ಬೆರಳ್ ಅಂತ್ರೋ ಅದ್ರಲ್ಲಿ ಯಾವಾಗ್ಲೂ ಅರ್ಧ ಬೆರಳ್ ಕಳಿ.”

“ಬರೀತೀನ್ರಿ ಅಕ್ಕಾರ,” ಎಂದೆ.

ಮಾರುಕಟ್ಟೆಯಲ್ಲಿ ಗಿರಾಕಿಗೆ ಹೇಳುವಷ್ಟು ಗಟ್ಟಿಯಾಗಿ ಅವಳು ಹೇಳಿದ್ದಳು. ಆದರೆ ಪಟ್ಟಿಯ ಮೇಲಿಟ್ಟ ಆ ಮೂರು ಬೆರಳುಗಳನ್ನು ಅವಳು ತೆಗೆಯಲೇ ಇಲ್ಲ. ಶೀನಣ್ಣ ಮೆಟ್ಟಿಲಿಳಿದು ಬಂದು, ಹುರುಪೆ ಅಂಟಿದ ತನ್ನ ಕೈಯನ್ನು ಅವುಗಳ ಮೇಲಿಟ್ಟು ಒತ್ತಿ ಹಿಡಿದುಕೊಂಡ.